ಸಾಲದ ಫಾರ್ಮಿನಲ್ಲಿದ್ದ ಆ ಒಂದು ಕಲಂ

ಅಮೆರಿಕದ ವರ್ಣಭೇದದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ: ಕಾನೂನು ಬದಲಾಗಿ ಐವತ್ತು ವರ್ಷ ದಾಟಿತಲ್ವಾ, ಇನ್ನೂ ಯಾಕೆ ಅದೇ ದೂರು? ಪ್ರಶ್ನೆ ತಪ್ಪಲ್ಲ. ಬೈದವರು, ಹೊಡೆದವರು ಕಣ್ಣಿಗೆ ಕಾಣುತ್ತಾರೆ. ಕಚೇರಿಯ ನಿಯಮದೊಳಗೆ ಕೂತ ತಾರತಮ್ಯ ಹಾಗೆ ಕಾಣುವುದಿಲ್ಲ. ಇದಕ್ಕೆ ‘ಸಾಂಸ್ಥಿಕ ವರ್ಣಭೇದ’ ಎಂಬ ಹೆಸರು ಬಂದದ್ದು 1967ರಲ್ಲಿ, ಕಪ್ಪು ಜನರ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕೇಲ್ ಮತ್ತು ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ ಅವರಿಂದ. ಅದು ಹೇಗೆ ನಡೆಯುತ್ತದೆ ಅಂತ ತಿಳಿಯಲು ಮನೆ ಸಾಲದ ಕಥೆಯಷ್ಟು ಸ್ಪಷ್ಟವಾದದ್ದು ಬೇರೆ ಇಲ್ಲ.

ಗುಲಾಮಗಿರಿ 1865ರಲ್ಲಿ ಮುಗಿಯಿತು. ಆಮೇಲೂ ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ರೈಲು, ಕುಡಿಯುವ ನೀರು ಎಲ್ಲವೂ ಬೇರೆ ಬೇರೆ. ಲಕ್ಷಾಂತರ ಕಪ್ಪು ಜನ ಚಿಕಾಗೊ, ಡೆಟ್ರಾಯಿಟ್‌ನಂಥ ಉತ್ತರದ ಕಾರ್ಖಾನೆ ನಗರಗಳಿಗೆ ಗುಳೆ ಹೊರಟರು. ಕೆಲಸ ಸಿಕ್ಕಿತು. ಮನೆ ಕೊಳ್ಳಲು ಹೋದಾಗ ಬಾಗಿಲು ಮುಚ್ಚಿತ್ತು.

1929ರ ಷೇರುಪೇಟೆ ಕುಸಿತದ ನಂತರ ಲಕ್ಷಾಂತರ ಮನೆಗಳು ಹರಾಜಿಗೆ ಬಂದಿದ್ದವು. ಜನರನ್ನು ಉಳಿಸಲು ಸರ್ಕಾರ 1933ರಲ್ಲಿ ಒಂದು ಸಾಲ ನಿಗಮ ತೆರೆಯಿತು. ಉದ್ದೇಶ ಒಳ್ಳೆಯದೇ. ಆ ನಿಗಮ ಮುಂದೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಸಾಲ ಕೊಡಲು ಒಳ್ಳೆಯ ಬಡಾವಣೆಗೆ ಹಸಿರು, ನಂತರ ನೀಲಿ, ಹಳದಿ, ಕೊನೆಗೆ ಅಪಾಯದ ಕೆಂಪು. ಪ್ರತಿ ಬಡಾವಣೆಗೂ ಒಂದು ಫಾರ್ಮು. ಅದರಲ್ಲಿ ಕಟ್ಟಡದ ವಯಸ್ಸು, ಜನರ ಆದಾಯದ ಜೊತೆಗೆ ಇನ್ನೊಂದು ಕಲಂ: ಇಲ್ಲಿ ನೀಗ್ರೋಗಳಿದ್ದಾರೆಯೇ, ಶೇಕಡಾ ಎಷ್ಟು? ಫಾರ್ಮು ತುಂಬಿದವನು ಸುಮ್ನೆ ತನ್ನ ಕೆಲಸ ಮಾಡಿದ್ದ. ನನ್ನನ್ನು ಹೆಚ್ಚು ಕಾಡುವುದು ಅದೇ.

ನಕ್ಷೆಗಿಂತ ಜಾಸ್ತಿ ಪೆಟ್ಟು ಕೊಟ್ಟದ್ದು 1934ರಲ್ಲಿ ಶುರುವಾದ ಸರ್ಕಾರಿ ಸಾಲ ವಿಮೆ: ಸಾಲಗಾರ ಕಂತು ಕಟ್ಟದಿದ್ದರೆ ಬ್ಯಾಂಕಿನ ನಷ್ಟ ತುಂಬಿಕೊಡುವ ಭರವಸೆ. ಅದಕ್ಕೂ ಮೊದಲು ಮನೆ ಕೊಳ್ಳಲು ಅರ್ಧದಷ್ಟು ದುಡ್ಡು ಕೈಯಲ್ಲಿರಬೇಕಿತ್ತು. ವಿಮೆ ಬಂದಮೇಲೆ ಸಣ್ಣ ಮುಂಗಡ, ಇಪ್ಪತ್ತು ವರ್ಷದ ಕಂತು, ಕಡಿಮೆ ಬಡ್ಡಿ. ಸಾಮಾನ್ಯ ಕೆಲಸಗಾರನೂ ಮನೆ ಕೊಳ್ಳುವಂತಾಯಿತು. ಆದರೆ ಕಪ್ಪು ಜನರಿರುವ ಬೀದಿಗೆ, ಅವರ ನೆರೆಯ ಬೀದಿಗೂ, ಆ ವಿಮೆ ಸಿಗುವುದು ಬಹಳ ಕಷ್ಟ. ಡೆಟ್ರಾಯಿಟ್‌ನಲ್ಲಿ 1941ರಲ್ಲಿ ಬಿಳಿಯರ ಬಡಾವಣೆ ಕಟ್ಟುತ್ತಿದ್ದ ಬಿಲ್ಡರ್ ಒಬ್ಬ, ಪಕ್ಕದ ಕಪ್ಪು ಜನರ ಕೇರಿಗೂ ತನ್ನ ಸೈಟುಗಳಿಗೂ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ. ಆಮೇಲೆ ವಿಮೆ ಮಂಜೂರಾಯಿತು. ಆ ಗೋಡೆ ಇವತ್ತಿಗೂ ನಿಂತಿದೆ.

ಬ್ಯಾಂಕ್ ಸಾಲ ಸಿಗದವರು ಏನು ಮಾಡಿದರು? ಚಿಕಾಗೊದಲ್ಲಿ ದಲ್ಲಾಳಿಗಳಿಂದ ಕರಾರಿನ ಮೇಲೆ ಮನೆ ಕೊಂಡರು. ಬೆಲೆ ಎಷ್ಟೋ ಪಟ್ಟು. ಕೊನೆಯ ಕಂತು ಕಟ್ಟುವವರೆಗೆ ಮನೆ ಅವರ ಹೆಸರಿಗೆ ಬರುವುದಿಲ್ಲ. ಒಂದೇ ಕಂತು ತಪ್ಪಿದರೂ ಮನೆ ಹೋಯಿತು, ಕಟ್ಟಿದ್ದೂ ಹೋಯಿತು. ಅದೇ ಮನೆ ಮರುದಿನ ಇನ್ನೊಂದು ಕುಟುಂಬಕ್ಕೆ. ಗಂಡ ಹೆಂಡತಿ ಇಬ್ಬರೂ ಎರಡೆರಡು ಕೆಲಸ ಹಿಡಿದರು, ಮನೆಗೆ ಬಾಡಿಗೆಯವರನ್ನು ತುಂಬಿಕೊಂಡರು, ರಿಪೇರಿಗೆ ದುಡ್ಡು ಉಳಿಯಲಿಲ್ಲ. ಬೀದಿ ಹಾಳಾಯಿತು. ನೋಡಿ, ಇವರಿಗೆ ಮನೆ ಇಟ್ಟುಕೊಳ್ಳಲು ಬರುವುದಿಲ್ಲ ಎಂಬ ಮಾತೂ ಹುಟ್ಟಿತು. 1968ರಲ್ಲಿ ಲಾನ್‌ಡೇಲ್ ಪ್ರದೇಶದ ಕರಾರುದಾರರು ಸಂಘ ಕಟ್ಟಿ, ಕಂತು ನಿಲ್ಲಿಸಿ ಹೋರಾಡಿದರು.

ಅದೇ ವರ್ಷ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದು ವಾರಕ್ಕೆ ವಸತಿ ತಾರತಮ್ಯ ನಿಷೇಧ ಕಾಯ್ದೆಗೆ ಸಹಿ ಬಿತ್ತು. 1977ರಲ್ಲಿ ಬ್ಯಾಂಕುಗಳು ಬಡ ಬಡಾವಣೆಗಳಿಗೂ ಸಾಲ ಕೊಡಬೇಕೆಂಬ ಕಾಯ್ದೆ ಬಂತು.

ಅಷ್ಟರಲ್ಲಿ ಬಿಳಿಯ ಕುಟುಂಬಗಳ ಮನೆಗಳಿಗೆ ಮೂವತ್ತು ವರ್ಷ ಬೆಲೆ ಏರಿತ್ತು. ಆ ಹಣದಲ್ಲಿ ಮಕ್ಕಳು ಕಾಲೇಜಿಗೆ ಹೋದರು, ಮೊಮ್ಮಕ್ಕಳಿಗೆ ಮುಂಗಡ ಸಿಕ್ಕಿತು. 2022ರ ಸರ್ಕಾರಿ ಸಮೀಕ್ಷೆಯಲ್ಲಿ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು 45,000ದ ಹತ್ತಿರ. ಅಲ್ಲಿ ಶಾಲೆಗಳಿಗೆ ಬರುವ ಹಣದಲ್ಲಿ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯದು. ಹಾಗಾಗಿ ಮನೆಯ ಬೆಲೆ ಕಡಿಮೆಯಾದಲ್ಲಿ ಶಾಲೆಯೂ ಸೊರಗುತ್ತದೆ.

2020ರಲ್ಲಿ ಸಂಶೋಧಕರು 108 ನಗರಗಳ ಆ ಹಳೆಯ ಸಾಲದ ನಕ್ಷೆಗಳನ್ನು ಬೇಸಿಗೆಯ ತಾಪಮಾನದ ಜೊತೆ ಇಟ್ಟು ನೋಡಿದರು. ಒಂದು ಕಾಲಕ್ಕೆ ಕೆಂಪು ಬಳಿದಿದ್ದ ಜಾಗಗಳು ಹಸಿರು ಬಳಿದಿದ್ದವಕ್ಕಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ. ಅಲ್ಲಿ ಮರ ಕಡಿಮೆ, ಡಾಂಬರು ಜಾಸ್ತಿ.