ಆರ್ಪೆಜಿಯೇಟರ್: ಮೂರು ಕೀ ಒತ್ತಿದರೆ ಕಿವಿಗೆ ಎಷ್ಟು ಕೇಳುತ್ತದೆ?

1982ರಲ್ಲಿ ಬಂದ ಕಮೊಡೋರ್ 64 ಕಂಪ್ಯೂಟರಿನ ಧ್ವನಿ ಚಿಪ್‌ಗೆ ಇದ್ದದ್ದು ಮೂರೇ ಕಂಠ, ಅಂದರೆ ಒಂದು ಹೊತ್ತಿಗೆ ಮೂರೇ ಸ್ವರ. ಬಾಬ್ ಯಾನೆಸ್ ವಿನ್ಯಾಸ ಮಾಡಿದ ಈ ಸಿಡ್ ಚಿಪ್ ಆ ಕಾಲಕ್ಕೆ ದೊಡ್ಡ ಸಾಧನೆಯೇ. ಆದರೆ ಆಟಗಳಿಗೆ ಸಂಗೀತ ಕೂರಿಸುವವರ ಪಾಡು ಬೇರೆ. ಒಂದು ಕಂಠ ತಗ್ಗಿನ ಸ್ವರಗಳ ಬೇಸ್‌ಗೆ ಹೋಯಿತು, ಒಂದು ಹಾಡಿನ ಧಾಟಿಗೆ. ಉಳಿದ ಒಂದರಲ್ಲೇ ಡ್ರಮ್ಮೂ ಆಗಬೇಕು, ಗುಂಡು ಹಾರಿದ ಸದ್ದೂ ಬರಬೇಕು. ಮೂರು ಸ್ವರ ಒಟ್ಟಿಗೆ ನುಡಿಯಬೇಕಾದ ಕಾರ್ಡ್‌ಗೆ ಜಾಗವೆಲ್ಲಿ? ರಾಬ್ ಹಬರ್ಡ್, ಮಾರ್ಟಿನ್ ಗಾಲ್ವೇ ಮುಂತಾದವರು ಕಾರ್ಡಿನ ಸ್ವರಗಳನ್ನು ಒಂದೇ ಕಂಠದಲ್ಲಿ ಒಂದರ ಹಿಂದೊಂದು ಓಡಿಸಿದರು. ಯುರೋಪಿನ ಟಿವಿ ಚಿತ್ರ ಸೆಕೆಂಡಿಗೆ 50 ಸಲ ಹೊಸದಾಗುತ್ತಿತ್ತು. ಸಂಗೀತದ ಪ್ರೋಗ್ರಾಮೂ ಸಾಮಾನ್ಯವಾಗಿ ಅದೇ ಲೆಕ್ಕಕ್ಕೆ ನಡೆಯುತ್ತಿತ್ತು. ಅಂದರೆ 20 ಮಿಲಿಸೆಕೆಂಡಿಗೊಂದು ಸ್ವರ, ಮೂರು ಸ್ವರಗಳ ಸುತ್ತು ಸೆಕೆಂಡಿಗೆ ಸುಮಾರು 17 ಸಲ. ಆ ವೇಗಕ್ಕೆ ಕಿವಿ ಬಿಡಿ ಸ್ವರಗಳನ್ನು ಹಿಡಿಯಲಾರದು. ಕೇಳುವುದು ಗುಳುಗುಳು ನಡುಗುವ ಒಂದು ಕಾರ್ಡ್.

ಅದೇ ಸುತ್ತನ್ನು ಆರು ಪಟ್ಟು ನಿಧಾನ ಮಾಡಿ ನೋಡಿ. ಒಂದು ಸ್ವರಕ್ಕೆ 120 ಮಿಲಿಸೆಕೆಂಡು ಬರುತ್ತದೆ. ಡ್ಯಾನ್ಸ್ ಸಂಗೀತದಲ್ಲಿ ಎಡೆಬಿಡದೆ ತಟತಟ ಎಂದು ಓಡುತ್ತಿರುತ್ತದಲ್ಲ, ಆ ಎಳೆ ಇದು. ಇನ್ನೂ ನಾಲ್ಕು ಪಟ್ಟು ನಿಧಾನ ಮಾಡಿದರೆ ಗುನುಗಬಹುದಾದ ಧಾಟಿಯೇ ಆಗಿಬಿಡುತ್ತದೆ. ಸ್ವರಗಳು ಅವೇ, ಕ್ರಮವೂ ಅದೇ. ಬದಲಾದದ್ದು ಎರಡು ಸ್ವರಗಳ ನಡುವಿನ ಹೊತ್ತು ಮಾತ್ರ. ಆರ್ಪೆಜಿಯೇಟರ್ ಎಂಬ ಸಾಧನದ ಬಗ್ಗೆ ನನಗೆ ಹೇಳಬೇಕೆನಿಸುವುದು ಮುಖ್ಯವಾಗಿ ಇಷ್ಟೇ: ಅದನ್ನು ಕೊಳ್ಳುವಾಗ ಪ್ಯಾಟರ್ನ್ (ಸ್ವರ ನುಡಿಸುವ ಸಿದ್ಧ ಕ್ರಮ) ಎಷ್ಟಿವೆ ಎಂದು ಎಣಿಸುತ್ತೇವೆ, ಆದರೆ ಅದು ನಿಜಕ್ಕೂ ಆಡುವುದು ಕಾಲದ ಜೊತೆ, ಕಿವಿಯ ಮಿತಿಯ ಜೊತೆ.

ಕೀಬೋರ್ಡಿನಲ್ಲಿ ನಾವು ಒತ್ತಿ ಹಿಡಿದ ಸ್ವರಗಳನ್ನು ಬಿಡಿಸಿ, ಗಡಿಯಾರದ ಲೆಕ್ಕಕ್ಕೆ ಒಂದೊಂದಾಗಿ ನುಡಿಸುವುದು ಆರ್ಪೆಜಿಯೇಟರಿನ ಕೆಲಸ. ಇದನ್ನು ಸೀಕ್ವೆನ್ಸರ್ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ. ಸೀಕ್ವೆನ್ಸರ್ ಹೇಳಿಕೊಟ್ಟ ಪಾಠ, ಅಂದರೆ ಮೊದಲೇ ಬರೆದಿಟ್ಟ ಸ್ವರಗಳ ಸಾಲು, ಒಪ್ಪಿಸುತ್ತದೆ. ಆರ್ಪೆಜಿಯೇಟರ್‌ಗೆ ಪಾಠವಿಲ್ಲ, ಈ ಕ್ಷಣ ಬೆರಳಡಿ ಏನಿದೆಯೋ ಅಷ್ಟೇ ಗೊತ್ತು. ಡೊನ್ನಾ ಸಮ್ಮರ್ ಹಾಡಿದ, ಜಾರ್ಜಿಯೊ ಮೊರೊಡರ್ ಮ್ಯೂನಿಕ್‌ನಲ್ಲಿ ರೂಪಿಸಿದ 1977ರ ‘ಐ ಫೀಲ್ ಲವ್’ ಹಾಡಿನ ಬೇಸ್ ಅನ್ನು ಆರ್ಪೆಜಿಯೇಟರಿನ ಉದಾಹರಣೆ ಎಂದು ಎಷ್ಟೋ ಕಡೆ ಹೇಳುತ್ತಾರೆ. ಅದು ಮೂಗ್ ಮಾಡ್ಯುಲರ್ ಎಂಬ ಸಿಂಥಸೈಜರ್ (ಸಿಂಥ್, ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ಯಂತ್ರದ ಸೀಕ್ವೆನ್ಸರ್. ಮರುವರ್ಷ ಬಂದ ರೋಲ್ಯಾಂಡ್ ಜುಪಿಟರ್-4ರಲ್ಲಿ ಆರ್ಪೆಜಿಯೇಟರ್ ಒಳಗೇ ಕೂತಿತ್ತು. ಡುರಾನ್ ಡುರಾನ್ ತಂಡದ ‘ರಿಯೊ’ ಹಾಡಿನಲ್ಲಿ ಚಿಮ್ಮುವ ಸ್ವರಗಳು ಆ ಯಂತ್ರದ್ದೇ, ಅದೂ ರ‍್ಯಾಂಡಮ್ ಕ್ರಮದಲ್ಲಿ. 1980ರ ದಶಕದ ಮೊದಲಿಗೆ ಕೊರ್ಗ್ ಪಾಲಿಸಿಕ್ಸ್, ರೋಲ್ಯಾಂಡ್ ಜುನೊ-60, ಎಸ್‌ಎಚ್-101 ಎಲ್ಲದರಲ್ಲೂ ಅದು ಇತ್ತು. 1984ರ ಜುನೊ-106ಕ್ಕೆ ಮಿಡಿ (ವಾದ್ಯಗಳು ಒಂದಕ್ಕೊಂದು ಆಜ್ಞೆ ಕಳಿಸುವ ವ್ಯವಸ್ಥೆ) ಬಂತು, ಆರ್ಪೆಜಿಯೇಟರ್ ಹೋಯಿತು. ಹಳೆಯ ಸಿಂಥ್ ಕೊಳ್ಳುವವರು ಇದನ್ನು ನೆನಪಿಟ್ಟರೆ ಒಳ್ಳೆಯದು. ಎರಡೂ ಜುನೊಗಳ ಹೆಸರು ಒಂದೇ ಉಸಿರಿನಲ್ಲಿ ಬರುತ್ತದೆ.

ಈಗ ಕಿವಿಯ ವಿಚಾರ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬ್ರೆಗ್ಮನ್ ಮತ್ತು ಜೆಫ್ರಿ ಕ್ಯಾಂಪ್‌ಬೆಲ್ 1971ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮೂರು ತಾರ ಸ್ವರ, ಮೂರು ಮಂದ್ರ ಸ್ವರ, ಮೇಲೊಂದು ಕೆಳಗೊಂದು ಎಂದು ಹೆಣೆದು, ಒಂದೊಂದಕ್ಕೆ 100 ಮಿಲಿಸೆಕೆಂಡಿನಂತೆ ಸುತ್ತಿ ಸುತ್ತಿ ಕೇಳಿಸಿದರು. ಕೇಳುಗರಿಗೆ ಆರು ಸ್ವರಗಳ ಒಂದು ಸಾಲು ಕೇಳಲಿಲ್ಲ. ಮೇಲೊಂದು ಸಾಲು, ಕೆಳಗೊಂದು ಸಾಲು ಎಂದು ಎರಡಾಗಿ ಸೀಳಿ ಕೇಳಿತು. ಇನ್ನೂ ವಿಚಿತ್ರವೆಂದರೆ, ಮೇಲಿನ ಸಾಲಿನ ಈ ಸ್ವರ ಮೊದಲು ಬಂತೋ, ಕೆಳಗಿನ ಸಾಲಿನ ಆ ಸ್ವರ ಮೊದಲು ಬಂತೋ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಪ್ರತಿ ಸಾಲಿನೊಳಗಿನ ಕ್ರಮ ಸ್ಪಷ್ಟ, ಎರಡು ಸಾಲುಗಳ ನಡುವಿನದು ಮಾಯ. ನಾಲ್ಕು ವರ್ಷಗಳ ನಂತರ ನೆದರ್‌ಲೆಂಡ್ಸ್‌ನ ಲಿಯೊನ್ ವಾನ್ ನೂರ್ಡೆನ್ ಇದರ ಎಲ್ಲೆಗಳನ್ನೇ ಅಳೆದರು. ವೇಗ ಹೆಚ್ಚಿ, ಸ್ವರಗಳ ಎತ್ತರದ ಅಂತರವೂ ಹೆಚ್ಚಿದರೆ ಸಾಲು ಒಡೆಯದೆ ವಿಧಿಯಿಲ್ಲ. ಅಂತರ ತೀರಾ ಕಡಿಮೆಯಿದ್ದರೆ ಒಡೆಯಬೇಕೆಂದರೂ ಒಡೆಯದು. ಇವೆರಡರ ನಡುವೆ ಒಂದು ಅಗಲವಾದ ಪಟ್ಟಿ ಇದೆ. ಅಲ್ಲಿ ಗಮನ ಎತ್ತ ಹೊರಳುತ್ತದೋ ಅದರಂತೆ ಒಂದೂ ಕೇಳಬಹುದು, ಎರಡೂ ಕೇಳಬಹುದು.

ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಇದ್ದು, ಆರ್ಪೆಜಿಯೇಟರನ್ನು ಬೀಟಿಗೆ ನಾಲ್ಕು ಸ್ವರಕ್ಕೆ ಇಟ್ಟರೆ ಒಂದು ಸ್ವರಕ್ಕೆ ಸಿಗುವುದು 125 ಮಿಲಿಸೆಕೆಂಡು. ಬ್ರೆಗ್ಮನ್ ಪ್ರಯೋಗದ ವೇಗಕ್ಕೆ ಇದು ತುಂಬಾ ಹತ್ತಿರ. ಹಾಗಾಗಿ ಕ್ರಮದ ಗುಂಡಿ ತಿರುಗಿಸುವುದು ಬರೀ ಅಲಂಕಾರವಲ್ಲ. ಕೆಳಗಿನಿಂದ ಮೇಲಕ್ಕೆ ಹತ್ತುವ ಕ್ರಮದಲ್ಲಿ ಅಕ್ಕಪಕ್ಕದ ಸ್ವರಗಳು ಹತ್ತಿರ ಹತ್ತಿರ ಇರುತ್ತವೆ, ಎಳೆ ಒಂದಾಗಿಯೇ ಉಳಿಯುತ್ತದೆ. ಏಬಲ್ಟನ್ ಲೈವ್ ಎಂಬ ಸಂಗೀತ ಸಾಫ್ಟ್‌ವೇರ್‌ನಲ್ಲಿ ‘ಕನ್ವರ್ಜ್’ ಎಂಬ ಕ್ರಮವಿದೆ: ಮೊದಲು ತೀರಾ ಕೆಳಗಿನದು, ಆಮೇಲೆ ತೀರಾ ಮೇಲಿನದು, ಹೀಗೆ ಎರಡೂ ತುದಿಯಿಂದ ಒಳಕ್ಕೆ ಬರುತ್ತದೆ. ಎಡಗೈಯಲ್ಲಿ ಸ ಮತ್ತು ಪ, ಬಲಗೈಯಲ್ಲಿ ಎರಡು ಸ್ಥಾಯಿ ಮೇಲಿನ ಸ ಮತ್ತು ಗ ಹಿಡಿದು ಈ ಕ್ರಮ ಹಾಕಿ. ಕೆಳಗೆ ಸ–ಪ ಎಂಬ ಬೇಸ್, ಮೇಲೆ ಗ–ಸ ಎಂಬ ಪುಟ್ಟ ಧಾಟಿ, ಇಬ್ಬರು ನುಡಿಸಿದಂತೆ ಕೇಳುತ್ತದೆ. ಬಾಖ್ ಒಂಟಿ ಚೆಲ್ಲೊಗೆಂದು ಬರೆದ ಸಂಗೀತದಲ್ಲೂ ಇದೇ ತಂತ್ರ. ಅಲ್ಲಿ ಯಂತ್ರದ ಬದಲು ಕಮಾನು.

ಆದ್ದರಿಂದ ಆಯ್ಕೆಯ ಮಾತು ಬಂದಾಗ ನಾನು ಮೊದಲು ನೋಡುವುದು, ಕೀ ಒತ್ತಿದ ಕ್ರಮದಲ್ಲೇ ನುಡಿಸುವ ಸೌಲಭ್ಯ ಇದೆಯೇ ಎಂದು. ಅದಿದ್ದರೆ ಮಿಕ್ಕ ಅರ್ಧ ಪ್ಯಾಟರ್ನ್‌ಗಳನ್ನು ಬೆರಳೇ ಮಾಡಿಕೊಳ್ಳುತ್ತದೆ. ಎರಡನೆಯದು ಮೌನ: ನಡುವಿನ ಕೆಲವು ಸ್ಟೆಪ್‌ಗಳನ್ನು, ಅಂದರೆ ಒಂದೊಂದು ಸ್ವರಕ್ಕೆ ಮೀಸಲಾದ ಜಾಗಗಳನ್ನು, ಖಾಲಿ ಬಿಡಲು ಬರಬೇಕು. ಒಂದೂ ತಪ್ಪದೆ ಎಲ್ಲ ಸ್ಟೆಪ್ಪೂ ನುಡಿಯುವ ಆರ್ಪೆಜಿಯೊ ಎರಡು ನಿಮಿಷದಲ್ಲಿ ಕಿವಿಗೆ ಸಾಕಾಗುತ್ತದೆ. ಇನ್ನೊಂದು, ಕಾರ್ಡ್ ಬದಲಿಸಿದಾಗ ಸುತ್ತು ಮೊದಲಿನಿಂದ ಶುರುವಾಗಬೇಕೋ, ನಡೆದಲ್ಲಿಂದಲೇ ಮುಂದುವರಿಯಬೇಕೋ ಎಂದು ನಾವು ಆರಿಸುವಂತಿರಬೇಕು. ‘ನೂರಾರು ಪ್ಯಾಟರ್ನ್ ಉಚಿತ’ ಎಂಬ ಜಾಹೀರಾತಿಗಿಂತ ಈ ಮೂರು ಮೇಲು. ದುಡ್ಡು ಸುರಿಯಲೇಬೇಕೆಂದೇನೂ ಇಲ್ಲ. ಲಾಜಿಕ್, ಏಬಲ್ಟನ್, ಎಫ್‌ಎಲ್ ಸ್ಟುಡಿಯೊಗಳಲ್ಲಿ ಆರ್ಪೆಜಿಯೇಟರ್ ಜೊತೆಗೇ ಬರುತ್ತದೆ, ಇಂಥ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಬ್ಲೂಆರ್ಪ್ ಎಂಬ ಪ್ಲಗಿನ್ ಪುಕ್ಕಟೆ ಸಿಗುತ್ತದೆ.

ಸುತ್ತಿನ ಲೆಕ್ಕದಲ್ಲಿ ಒಂದು ಸೊಗಸಿದೆ. ಬೀಟಿಗೆ ನಾಲ್ಕರಂತೆ, ನಾಲ್ಕು ಬೀಟಿನ ಬಾರ್‌ನಲ್ಲಿ (ತಾಳದ ಆವರ್ತದಂಥದ್ದು) 16 ಸ್ಟೆಪ್. ಮೂರು ಸ್ವರ ಹಿಡಿದರೆ ಸುತ್ತಿನ ಮೊದಲ ಸ್ವರವೂ ಬಾರ್‌ನ ಮೊದಲ ಬೀಟೂ ಮತ್ತೆ ಕೂಡುವುದು 48 ಸ್ಟೆಪ್ ಆದ ಮೇಲೆ, ಅಂದರೆ ಮೂರು ಬಾರ್‌ಗೊಮ್ಮೆ. ಐದು ಸ್ವರ ಹಿಡಿದರೆ ಐದು ಬಾರ್‌ಗೊಮ್ಮೆ. ನಾಲ್ಕು ಸ್ವರ ಹಿಡಿದು ಹತ್ತಿಸಿ ಇಳಿಸಿದಾಗ ತುದಿಯ ಸ್ವರಗಳನ್ನು ಎರಡೆರಡು ಸಲ ನುಡಿಸಿದರೆ ಎಂಟು ಸ್ಟೆಪ್‌ನ ಸುತ್ತು, ಅಚ್ಚುಕಟ್ಟಾಗಿ ಕೂರುತ್ತದೆ. ಒಂದೊಂದೇ ಸಲ ನುಡಿಸಿದರೆ ಆರು, ಜಾರುತ್ತಾ ಹೋಗುತ್ತದೆ. ನನಗೆ ಜಾರುವುದೇ ಇಷ್ಟ. ಆದಿತಾಳದ ಮೇಲೆ ಮೂರರ, ಐದರ ಗುಂಪುಗಳನ್ನು ಹಾಕಿ ಸಮಕ್ಕೆ ತಂದು ಕೂಡಿಸುವುದನ್ನು ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

ಆದರೆ ಖಂಡ ನಡೆ, ಅಂದರೆ ಒಂದೇ ಬೀಟಿಗೆ ಐದು ಸ್ವರ ಬೇಕೆಂದರೆ ಯಂತ್ರ ತಕರಾರು ತೆಗೆಯುತ್ತದೆ. ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಮುಂದಾಳತ್ವದಲ್ಲಿ 1983ರಲ್ಲಿ ಬಂದ ಮಿಡಿ ವ್ಯವಸ್ಥೆ ಒಂದು ಬೀಟಿಗೆ 24 ಮಿಡಿತ ಕಳಿಸುತ್ತದೆ. ಬೀಟಿಗೆ ನಾಲ್ಕು ಸ್ವರದ ಚತುರಶ್ರಕ್ಕೆ ಆರಾರು ಮಿಡಿತ, ಮೂರರ ತಿಶ್ರಕ್ಕೆ ಎಂಟೆಂಟು, ಸಲೀಸು. ಐದಕ್ಕೆ ಭಾಗಿಸಿದರೆ 4.8. ಹೊರಗಿನ ಗಡಿಯಾರಕ್ಕೆ ಕಟ್ಟಿದ ಹಾರ್ಡ್‌ವೇರ್ ಆರ್ಪೆಜಿಯೇಟರ್ ಈ ನಡುವಿನ ಜಾಗವನ್ನು ತಾನೇ ಅಂದಾಜು ಮಾಡಿಕೊಳ್ಳಬೇಕು. ಬಹಳಷ್ಟರಲ್ಲಿ ಐದರ ಆಯ್ಕೆಯೇ ಇರುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಒಂದು ದಾರಿಯಿದೆ. ಏಬಲ್ಟನ್‌ನಲ್ಲಿ ವೇಗವನ್ನು ಬೀಟಿನ ಭಾಗದ ಬದಲು ಮಿಲಿಸೆಕೆಂಡಿನಲ್ಲಿ ಕೊಡಬಹುದು. ಹಾಡು ನಿಮಿಷಕ್ಕೆ 96 ಬೀಟ್ ಇದ್ದರೆ ಬೀಟಿಗೆ 625 ಮಿಲಿಸೆಕೆಂಡು, ಅದರ ಐದನೇ ಒಂದು ಭಾಗ ಸರಿಯಾಗಿ 125.

ನಮ್ಮ ರಾಗಗಳ ಮಾತಿಗೆ ಬಂದರೆ, ಮೋಹನದ ಐದು ಸ್ವರ ಹಿಡಿದು ಆರ್ಪೆಜಿಯೇಟರ್ ಚಾಲು ಮಾಡಿ ‘ರಾಗ ಬಂತು’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಂತ್ರ ಕಳಿಸುವುದು ‘ಈ ಸ್ವರ ಶುರು, ಈ ಸ್ವರ ಮುಗಿಯಿತು’ ಎಂಬ ಆಜ್ಞೆಗಳನ್ನು ಮಾತ್ರ. ಗಮಕ ಇರುವುದು ಎರಡು ಸ್ವರಗಳ ನಡುವಿನ ಓಡಾಟದಲ್ಲಿ. ಬರುವುದು ಸ್ವರಗಳ ಪಟ್ಟಿ, ಮೋಹನವಲ್ಲ. ಅಭ್ಯಾಸದ ವರಸೆಗಳು ಮಾತ್ರ ಬೇರೆ ಸಂಗತಿ. ದಾಟು ವರಸೆಯ ‘ಸ ಮ ಗ ಮ ರಿ ಗ ಸ ರಿ’ ಎಂಬ ಹೆಣಿಗೆಯನ್ನು ಸ್ಟೆಪ್‌ಗಳಲ್ಲಿ ಬರೆದುಕೊಳ್ಳಬಹುದಾದ ಆರ್ಪೆಜಿಯೇಟರಿಗೆ ಕೊಟ್ಟು, ಬೇರೆ ಬೇರೆ ನಾಲ್ಕು ಸ್ವರ ಹಿಡಿದು ನೋಡಿ. ಎಷ್ಟೋ ಸಿದ್ಧ ಪ್ಯಾಟರ್ನ್‌ಗಳಿಗಿಂತ ಇದರ ನಡಿಗೆಯಲ್ಲಿ ಜೀವವಿದೆ.

ಬಳಸುವಾಗ ಎಲ್ಲರೂ ಎಡವುವುದು ಸಿಂಥ್‌ನ ರಿಲೀಸ್‌ನಲ್ಲಿ. ಕೀ ಬಿಟ್ಟ ಮೇಲೂ ಎರಡು ಸೆಕೆಂಡು ಉಳಿಯುವ ನಾದವನ್ನು 125 ಮಿಲಿಸೆಕೆಂಡಿನ ಆರ್ಪೆಜಿಯೊಗೆ ಹಾಕಿದರೆ 16 ಸ್ವರಗಳ ಬಾಲ ಒಂದರ ಮೇಲೊಂದು ಬೀಳುತ್ತದೆ. ಲಯ ಅಳಿಸಿಹೋಗಿ ಮಂಜಿನಂಥ ಕಾರ್ಡ್ ಉಳಿಯುತ್ತದೆ. ಅದೇ ಬೇಕಿದ್ದರೆ ಸರಿ. ಬೇಡವೆಂದರೆ ರಿಲೀಸ್ ಇಳಿಸಿ, ಗೇಟನ್ನು (ಸ್ವರ ಒತ್ತಿ ಹಿಡಿದಿರುವ ಹೊತ್ತನ್ನು) ಅರ್ಧಕ್ಕೆ ತನ್ನಿ, ತುಂಬಿದ ಭಾವ ಬೇಕಾದರೆ ಎಕೋ ಸೇರಿಸಿ. ಮೊರೊಡರ್ ಹಾಡಿನ ಬೇಸ್ ಅಷ್ಟು ದಟ್ಟವಾಗಿ ಕೇಳುವುದು ಒಂದೊಂದು ಸ್ವರದ ಎಕೋ ಮುಂದಿನ ಸ್ವರಕ್ಕೆ ಮೊದಲಿನ ಖಾಲಿ ಜಾಗದಲ್ಲಿ ಬಿದ್ದು, ಮೂಲ ಒಂದು ಕಿವಿಗೆ, ಎಕೋ ಇನ್ನೊಂದು ಕಿವಿಗೆ ಹೋಗುವುದರಿಂದ. ಬೀಟಿಗೆ ಎರಡೇ ಸ್ವರ ನುಡಿಸಿ, 120ರ ವೇಗದಲ್ಲಿ ಎಕೋವನ್ನು 125 ಮಿಲಿಸೆಕೆಂಡಿಗೆ ಇಟ್ಟರೆ ನಾಲ್ಕು ಕೇಳುತ್ತವೆ.

ಕೊನೆಯ ಕೆಲಸ ಯಂತ್ರವನ್ನು ಆಫ್ ಮಾಡುವುದು. ಆರ್ಪೆಜಿಯೇಟರಿನಿಂದ ಬಂದ ಸ್ವರಗಳನ್ನು ಮಿಡಿ ಆಗಿ ಟ್ರ್ಯಾಕ್‌ಗೆ ಇಳಿಸಿಕೊಳ್ಳಿ, ಪ್ಲಗಿನ್ ಬಂದ್ ಮಾಡಿ, ಆಮೇಲೆ ಕೈಯಲ್ಲಿ ತಿದ್ದಿ: ಹಾಡುವವರು ಉಸಿರು ತೆಗೆದುಕೊಳ್ಳುವಲ್ಲಿ ಎರಡು ಸ್ವರ ಅಳಿಸಿ, ಸಾಲಿನ ಕೊನೆಗೆ ಒಂದನ್ನು ಸ್ಥಾಯಿ ಇಳಿಸಿ, ಡ್ರಮ್ ಬೀಳುವಲ್ಲಿ ಒಂದಿಷ್ಟು ಗಟ್ಟಿ ಮಾಡಿ.