ಖಾಲಿ ಹೊಟ್ಟೆಯಲ್ಲಿ ಪೆಟ್ ಸ್ಕ್ಯಾನ್: ಗಡ್ಡೆಯ ಸಕ್ಕರೆ ಹಸಿವಿನ ಕಥೆ

ಕೋಲಾರದಿಂದ ಬೆಂಗಳೂರಿಗೆ ಬೆಳಗಿನ ಜಾವದ ಬಸ್ಸು. ಚಿಕ್ಕಮ್ಮ ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ. ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ, ಪೆಟ್ ಸ್ಕ್ಯಾನ್‌ಗೆ ಹೊರಟಿದ್ದೆವು. "ಹೊಟ್ಟೆ ಖಾಲಿ ಇರ್ಬೇಕು ಅಂತಾರಲ್ಲ, ಯಾಕಪ್ಪಾ?" ಅಂತ ಕೇಳಿದರು. ಅವತ್ತು ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ.

1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ ಒಂದು ವಿಷಯ ಗಮನಿಸಿದರು. ಕ್ಯಾನ್ಸರ್ ಜೀವಕೋಶಗಳಿಗೆ ಸಕ್ಕರೆಯ ಹಸಿವು ಜಾಸ್ತಿ. ಆ ಹಸಿವನ್ನು ಕಣ್ಣಿಗೆ ಕಾಣಿಸಲು ಅರ್ಧ ಶತಮಾನ ಬೇಕಾಯಿತು. 1976ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಎಫ್‌ಡಿಜಿ ಅನ್ನುವ, ಸ್ಕ್ಯಾನ್‌ಗೆ ಮೊದಲು ರಕ್ತನಾಳಕ್ಕೆ ಚುಚ್ಚುವ ಔಷಧ ತಯಾರಾಯಿತು. ಅದು ಗ್ಲೂಕೋಸ್‌ನ ತದ್ರೂಪಿ, ಜೊತೆಗೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿರುತ್ತದೆ. ಜೀವಕೋಶ ಅದನ್ನು ಸಕ್ಕರೆ ಅಂತಲೇ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಅಲ್ಲಿಂದ ಬರುವ ವಿಕಿರಣವನ್ನು ಪೆಟ್ ಯಂತ್ರ ಹಿಡಿಯುತ್ತದೆ, ಚಿತ್ರದಲ್ಲಿ ಆ ಜಾಗ ಹೊಳೆಯುತ್ತದೆ. ಮೊದಲು ಅದರಿಂದ ನೋಡಿದ್ದು ಮೆದುಳನ್ನು, ಕ್ಯಾನ್ಸರನ್ನಲ್ಲ. ಸ್ತನ ಕ್ಯಾನ್ಸರಿನ ಕಡೆ ಹೆಚ್ಚು ಗಮನ ಹರಿದದ್ದು 1990ರ ದಶಕದಲ್ಲಿ. ಭಾರತಕ್ಕೆ ಮೊದಲ ಪೆಟ್ ಯಂತ್ರ ಬಂದಿದ್ದು 2002ರಲ್ಲಿ, ಮುಂಬೈಗೆ.

ಈಗ ಚಿಕ್ಕಮ್ಮನ ಪ್ರಶ್ನೆ. ಊಟ ಮಾಡಿದರೆ ಇನ್ಸುಲಿನ್ ಏರುತ್ತದೆ, ಸಕ್ಕರೆಯೆಲ್ಲ ಮಾಂಸಖಂಡಕ್ಕೆ ಹೋಗುತ್ತದೆ, ಗಡ್ಡೆ ಮಂಕಾಗಿ ಕಾಣುತ್ತದೆ. ಷುಗರ್ ಇರುವವರಿಗೆ ಮೊದಲು ರಕ್ತ ಪರೀಕ್ಷೆ ಮಾಡುವುದೂ ಇದಕ್ಕೇ. ಇನ್ನೊಂದು ಮಾತು: ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ತಂದು ಕಪಾಟಿನಲ್ಲಿ ಇಡುವ ಔಷಧವಲ್ಲ. ಕೊಟ್ಟ ಹೊತ್ತಿಗೆ ಸರಿಯಾಗಿ ನಾವು ಅಲ್ಲಿರಬೇಕು.

ಸ್ಕ್ಯಾನ್ ಏನು ಹೇಳುತ್ತದೆ? ರೋಗ ಮೂಳೆಗೋ ಲಿವರ್‌ಗೋ ಹರಡಿದೆಯಾ ಅನ್ನುವುದು ಮೊದಲನೆಯದು. ಮುಂದೆ ಏನಾಗಬಹುದು ಅನ್ನುವುದಕ್ಕೆ ಅದೇ ದೊಡ್ಡ ಸುಳಿವು. ಹೊಳಪು ತುಂಬಾ ಇದ್ದರೆ ಸಾಮಾನ್ಯವಾಗಿ ಗಡ್ಡೆ ಜೋರಾಗಿ ಬೆಳೆಯುವ ಬಗೆಯದು. ಟ್ರಿಪಲ್ ನೆಗೆಟಿವ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಗ್ರಾಹಕಗಳೂ ಇಲ್ಲದ, HER2 ಪ್ರೋಟೀನೂ ಹೆಚ್ಚಿಲ್ಲದ) ಗಡ್ಡೆಗಳು ಹೆಚ್ಚಾಗಿ ಹೀಗೆ ಹೊಳೆಯುತ್ತವೆ. ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಕೀಮೋ ನಂತರದ ಹೊಳಪು. ಗಡ್ಡೆ ಕುಗ್ಗುವ ಮೊದಲೇ ಅದರ ಹಸಿವು ಕುಗ್ಗುತ್ತದೆ. ಒಂದೆರಡು ಸುತ್ತಿನಲ್ಲೇ ಹೊಳಪು ಇಳಿದರೆ ಔಷಧ ನಾಟುತ್ತಿದೆ ಅಂತ ನಂಬಬಹುದು.

ಹಾಗಂತ ಎಲ್ಲರಿಗೂ ಇದು ಬೇಕಿಲ್ಲ. ಶುರುವಿನ ಹಂತದಲ್ಲಿ, ಬೇರೆ ಲಕ್ಷಣ ಇಲ್ಲದವರಿಗೆ ಸಾಮಾನ್ಯವಾಗಿ ಮಾಡಿಸುವುದಿಲ್ಲ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ ಕಾಣದೇ ಹೋಗಬಹುದು. ಹಾಲಿನ ಗ್ರಂಥಿಗಳಲ್ಲಿ ಶುರುವಾಗುವ ಲೋಬ್ಯುಲರ್ ಅನ್ನುವ ಬಗೆಯ ಸ್ತನ ಕ್ಯಾನ್ಸರಿಗೆ ಸಕ್ಕರೆಯ ಹಸಿವೇ ಕಡಿಮೆ. ಇನ್ನು ಕ್ಷಯ ಇದ್ದರೆ ಆ ಜಾಗವೂ ಕ್ಯಾನ್ಸರಿನ ಹಾಗೇ ಹೊಳೆಯುತ್ತದೆ. ನಮ್ಮ ಕಡೆ ಇದನ್ನು ಮರೆಯುವಂತಿಲ್ಲ, ಅಲ್ವಾ?

ಚಿಕ್ಕಮ್ಮನ ಎದೆಗೂಡಿನ ಒಳಗೂ ಒಂದು ಗಂಟು ಹೊಳೆದಿತ್ತು. ಹರಡಿಬಿಟ್ಟಿದೆ ಅಂತ ಮನೆಯವರೆಲ್ಲ ಕುಸಿದಿದ್ದೆವು. ಸೂಜಿ ಹಾಕಿ ಪರೀಕ್ಷೆ ಮಾಡಿದಾಗ ಕ್ಷಯ ಅಂತ ಬಂತು. ಕೀಮೋ ಬೆಂಗಳೂರಿನಲ್ಲಿ ನಡೆಯಿತು. ಕ್ಷಯದ ಆರು ತಿಂಗಳ ಮಾತ್ರೆ ಕೋಲಾರದಲ್ಲೇ ಪುಕ್ಕಟೆ ಸಿಕ್ಕಿತು.