ಒಂದೇ ವರ್ಷ ಮೆಟ್ಟಿಲು ಹತ್ತಿದ ಎರಡು ಕಾಲೇಜುಗಳು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಈಗ ಸಣ್ಣ ಊರುಗಳ ಅಭಿಮಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಒಂದೇ. ಕೆಳಗಿನ ವಿಭಾಗದಲ್ಲಿ ಆಡುವ ನಮ್ಮ ತಂಡ ಮೇಲಿನ ವಿಭಾಗಕ್ಕೆ ಹೋಗಬೇಕಾ, ಇದ್ದಲ್ಲೇ ಇರಬೇಕಾ? 2025ರಲ್ಲಿ ಡೆಲವೇರ್ ಮತ್ತು ಮಿಸೌರಿ ಸ್ಟೇಟ್ ಮೇಲೆ ಹೋದವು. 2022ರಲ್ಲಿ ಹೋಗಿದ್ದ ಜೇಮ್ಸ್ ಮ್ಯಾಡಿಸನ್ 2025ರ ಡಿಸೆಂಬರ್ ಹೊತ್ತಿಗೆ ರಾಷ್ಟ್ರೀಯ ಪ್ಲೇಆಫ್‌ನ ಹನ್ನೆರಡು ತಂಡಗಳಲ್ಲಿ ಒಂದಾಗಿ ನಿಂತಿತು. ಅದನ್ನು ನೋಡಿದವರಿಗೆ ‘ನಾವ್ಯಾಕೆ ಹೋಗಬಾರದು’ ಅನ್ನಿಸುವುದು ಸಹಜ ಅಲ್ವಾ?

ಇದು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಫುಟ್‌ಬಾಲ್. ಇಲ್ಲಿ ಗೆದ್ದವರಿಗೆ ಬಡ್ತಿ ಅನ್ನುವುದೇ ಇಲ್ಲ. ನಮ್ಮ ರಣಜಿಯಲ್ಲಿ ಪ್ಲೇಟ್ ಗುಂಪು ಗೆದ್ದವರು ಎಲೀಟ್ ಗುಂಪಿಗೆ ಏರುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಕೆಳಗೆ ಹತ್ತು ಸಲ ಚಾಂಪಿಯನ್ ಆದರೂ ಕೆಳಗೇ ಇರಬಹುದು. ಮೇಲೆ ಹೋಗಬೇಕೆಂದರೆ ಅಲ್ಲಿನ ಒಂದು ಕಾನ್ಫರೆನ್ಸ್, ಅಂದರೆ ವರ್ಷವಿಡೀ ಒಟ್ಟಿಗೆ ಆಡುವ ಕಾಲೇಜುಗಳ ಗುಂಪು, ‘ಬನ್ನಿ’ ಎಂದು ಕರೆಯಬೇಕು. ಜೊತೆಗೆ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಗೆ ಶುಲ್ಕ ಕಟ್ಟಬೇಕು. ಆ ಶುಲ್ಕ ಮೊದಲು 5,000 ಡಾಲರ್ ಇತ್ತು. 2023ರಲ್ಲಿ ಅದನ್ನು 50 ಲಕ್ಷ ಡಾಲರ್‌ಗೆ ಏರಿಸಿದರು.

ಎರಡು ಅಂತಸ್ತು ಹುಟ್ಟಿದ್ದು 1978ರಲ್ಲಿ. ದೊಡ್ಡವರು ಒಂದು-ಎ, ಉಳಿದವರು ಒಂದು-ಎಎ. 2006ರಲ್ಲಿ ಹೆಸರು ಬದಲಾಯಿಸಿ ಮೇಲಿನದನ್ನು ಎಫ್‌ಬಿಎಸ್, ಕೆಳಗಿನದನ್ನು ಎಫ್‌ಸಿಎಸ್ ಎಂದರು. ತೀರಾ ಇತ್ತೀಚಿನವರೆಗೂ ಮೇಲಿನ ತಂಡ 85 ಸ್ಕಾಲರ್‌ಶಿಪ್ ಕೊಡಬಹುದಿತ್ತು, ಕೆಳಗಿನದು 63. ಟಿವಿ ದುಡ್ಡೆಲ್ಲ ಮೇಲೆ. ಸೀಸನ್ ಮುಗಿಯುವ ಬಗೆಯೂ ಬೇರೆ. ಮೇಲಿನವರಲ್ಲಿ ರಾಷ್ಟ್ರೀಯ ಪ್ಲೇಆಫ್‌ಗೆ ಹೋಗುವ ಕೆಲವೇ ತಂಡಗಳನ್ನು ಬಿಟ್ಟರೆ, ಚೆನ್ನಾಗಿ ಆಡಿದ ಉಳಿದವರಿಗೆ ‘ಬೌಲ್’ ಎನ್ನುವ ಒಂದು ಪಂದ್ಯ, ಸಾಮಾನ್ಯವಾಗಿ ಬೇರೆ ಯಾವುದೋ ಊರಿನಲ್ಲಿ. ಕೆಳಗಿನವರಿಗೆ ನಾಕೌಟ್ ಪ್ಲೇಆಫ್. ಚೆನ್ನಾಗಿ ಆಡಿದ್ದರೆ ಅದರ ಪಂದ್ಯ ಸ್ವಂತ ಅಂಗಳದಲ್ಲೇ ನಡೆಯುತ್ತದೆ. ಈ ಕೊನೆಯ ಮಾತು ನೆನಪಿರಲಿ.

ಹೋಗಬೇಕಾ ಬೇಡವಾ ಅನ್ನುವುದಕ್ಕೆ ಐಡಹೊ ರಾಜ್ಯದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಅಲ್ಲಿ ಎರಡು ವಿಶ್ವವಿದ್ಯಾಲಯಗಳು ಒಂದೇ ವರ್ಷ, ಒಂದೇ ಕಾನ್ಫರೆನ್ಸ್‌ಗೆ ಹಾರಿದವು. ಒಂದು ಹಾರುತ್ತಲೇ ಹೋಯಿತು. ಇನ್ನೊಂದು 22 ವರ್ಷದ ನಂತರ ತಾನಾಗಿಯೇ ಕೆಳಗಿಳಿಯಿತು. ಎರಡು ಅಂತಸ್ತು ಆದ ಮೇಲೆ ಹಾಗೆ ತಾನಾಗಿ ಇಳಿದ ಮೊದಲ ತಂಡ ಅದು.

ಇಳಿದದ್ದು ಐಡಹೊ ವಿಶ್ವವಿದ್ಯಾಲಯ. ಹುಟ್ಟಿದ್ದು 1889ರಲ್ಲಿ, ಊರು ಮಾಸ್ಕೋ. ರಷ್ಯಾದ್ದಲ್ಲ, ರಾಜ್ಯದ ಉತ್ತರ ಭಾಗದಲ್ಲಿ ಗೋಧಿ ಹೊಲಗಳ ನಡುವೆ ಇರುವ, ಸುಮಾರು 25,000 ಜನರ ಊರು. ಅಲ್ಲಿಂದ 13 ಕಿಲೋಮೀಟರ್ ಹೋದರೆ ಗಡಿಯಾಚೆ ಪುಲ್‌ಮನ್, ಅಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ. ಏರಿದ್ದು ಬಾಯ್ಸಿ ಸ್ಟೇಟ್. ಬಾಯ್ಸಿ ರಾಜ್ಯದ ರಾಜಧಾನಿ, ಮೆಮೊರಿ ಚಿಪ್ ಮಾಡುವ ಮೈಕ್ರಾನ್ ಕಂಪನಿಯ ತವರು. ಕಾಲೇಜು ಶುರುವಾಗಿದ್ದು 1932ರಲ್ಲಿ, ಅದೂ ಎರಡು ವರ್ಷದ ಜೂನಿಯರ್ ಕಾಲೇಜಾಗಿ. ಅಂದರೆ ಐಡಹೊ ಅಣ್ಣ, ಬಾಯ್ಸಿ ತಮ್ಮ.

ಅಣ್ಣನಿಗೆ ಹಳೆಯ ನೋವೊಂದಿತ್ತು. 1922ರಿಂದ ಐಡಹೊ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ಹೆಸರುಗಳ ಜೊತೆ ಆಡುತ್ತಿತ್ತು. 1959ರಲ್ಲಿ ಆ ಕಾನ್ಫರೆನ್ಸ್ ಮುರಿದುಬಿತ್ತು. ದೊಡ್ಡವರು ಹೊಸ ಗುಂಪು ಕಟ್ಟಿಕೊಂಡರು. ಕೆಲವೇ ವರ್ಷದಲ್ಲಿ ವಾಷಿಂಗ್ಟನ್ ಸ್ಟೇಟ್, ಆರೆಗನ್, ಆರೆಗನ್ ಸ್ಟೇಟ್ ಮೂವರನ್ನೂ ಒಳಗೆ ಕರೆದುಕೊಂಡರು. ಐಡಹೊವನ್ನು ಮಾತ್ರ ಕರೆಯಲೇ ಇಲ್ಲ. ಒಂದು ಕಾಲದಲ್ಲಿ ಒಂದೇ ಪಂಕ್ತಿಯಲ್ಲಿ ಕೂತವರು ನಾವು ಎಂಬ ನೆನಪು ಮಾಸ್ಕೋದಲ್ಲಿ ಉಳಿದೇ ಉಳಿಯಿತು. ಮುಂದಿನ ಎಷ್ಟೋ ತೀರ್ಮಾನಗಳ ಹಿಂದೆ ಈ ನೆನಪಿನ ಕೈವಾಡ ಇದೆ ಎಂದು ನನ್ನ ನಂಬಿಕೆ.

1963ರಲ್ಲಿ ಮಾಂಟಾನಾ, ಐಡಹೊ ಸ್ಟೇಟ್ ಮುಂತಾದ ನೆರೆಹೊರೆಯವರ ಜೊತೆ ಸೇರಿ ಐಡಹೊ ಬಿಗ್ ಸ್ಕೈ ಕಾನ್ಫರೆನ್ಸ್ ಕಟ್ಟಿತು. 1970ರಲ್ಲಿ ಬಾಯ್ಸಿಯೂ ಬಂತು. 1978ರಲ್ಲಿ ಎಲ್ಲರೂ ಒಂದು-ಎಎ ಆದರು. ಆಮೇಲಿನ ಹದಿನೈದು ವರ್ಷ ಐಡಹೊ ಅಭಿಮಾನಿಗಳು ಇವತ್ತಿಗೂ ಮೆಲುಕು ಹಾಕುವ ಕಾಲ. 1982ರಿಂದ 1993ರವರೆಗೆ ಬಾಯ್ಸಿಯನ್ನು ಸತತ 12 ಸಲ ಸೋಲಿಸಿತು. 1988 ಮತ್ತು 1993ರಲ್ಲಿ ಪ್ಲೇಆಫ್ ಸೆಮಿಫೈನಲ್ ಮುಟ್ಟಿತು. ಆ ವಿಭಾಗದ ಅತ್ಯುತ್ತಮ ಆಟಗಾರನಿಗೆ ಕೊಡುವ ವಾಲ್ಟರ್ ಪೇಟನ್ ಪ್ರಶಸ್ತಿ ಐಡಹೊದ, ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಿಗೆ ಎರಡು ಸಲ ಬಂತು, 1989ರಲ್ಲಿ ಜಾನ್ ಫ್ರೀಸ್‌ಗೆ, 1993ರಲ್ಲಿ ಡಗ್ ನಸ್‌ಮೈಯರ್‌ಗೆ.

ಆಡುತ್ತಿದ್ದದ್ದು ಕಿಬ್ಬಿ ಡೋಮ್‌ನಲ್ಲಿ. ದೊಡ್ಡ ಉಗ್ರಾಣದ ಮೇಲೆ ಮರದ ಕಮಾನು ಮುಚ್ಚಿದ ಹಾಗಿರುವ ಒಳಾಂಗಣ ಮೈದಾನ. ಆ ಛಾವಣಿ ಬಂದದ್ದು 1975ರಲ್ಲಿ. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ಬೆಚ್ಚಗೆ. ಹಿಡಿಸುವುದು 16,000 ಜನರನ್ನು. ಬಿಗ್ ಸ್ಕೈಗೆ ಅದು ಹೇಳಿ ಮಾಡಿಸಿದ ಅಳತೆ. ಮೇಲಿನ ವಿಭಾಗಕ್ಕೆ ಸಾಲದ ಅಳತೆ.

1996ರಲ್ಲಿ ಇಬ್ಬರೂ ಒಂದು-ಎಗೆ, ಬಿಗ್ ವೆಸ್ಟ್ ಕಾನ್ಫರೆನ್ಸ್‌ಗೆ ಹೋದರು. ಆಗ ಯಾರು ಗೆಲ್ಲುತ್ತಾರೆ ಎಂದು ಕೇಳಿದ್ದರೆ ಹೆಚ್ಚಿನವರು ಐಡಹೊ ಅನ್ನುತ್ತಿದ್ದರೇನೋ. ಶುರುವೂ ಹಾಗೇ ಇತ್ತು. 1998ರ ಕೊನೆಯ ಲೀಗ್ ಪಂದ್ಯ, ಬಾಯ್ಸಿಯಲ್ಲಿ. ಹೆಚ್ಚುವರಿ ಅವಧಿಯಲ್ಲಿ ಟಚ್‌ಡೌನ್ ಮಾಡಿದ ಮೇಲೂ, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದ ಮೇಲೂ, ಐಡಹೊ ಒಂದು ಅಂಕ ಹಿಂದಿತ್ತು. ಚೆಂಡನ್ನು ಕಂಬಗಳ ನಡುವೆ ಒದ್ದು ಸುಲಭವಾಗಿ ಒಂದು ಅಂಕ ಪಡೆದು ಸಮ ಮಾಡಿಕೊಳ್ಳಬಹುದಿತ್ತು. ಬೇಡ ಎಂದು, ಇನ್ನೊಮ್ಮೆ ಗೆರೆ ದಾಟಿಸಿದರೆ ಸಿಗುವ ಎರಡು ಅಂಕಕ್ಕೇ ಕೈ ಹಾಕಿ 36-35ರಿಂದ ಗೆದ್ದು ಕಾನ್ಫರೆನ್ಸ್ ಪ್ರಶಸ್ತಿ ತೆಗೆದುಕೊಂಡಿತು. ಆಮೇಲೆ ಹ್ಯುಮ್ಯಾನಿಟೇರಿಯನ್ ಬೌಲ್‌ನಲ್ಲಿ ಸದರ್ನ್ ಮಿಸಿಸಿಪಿಯನ್ನು 42-35ರಿಂದ ಸೋಲಿಸಿತು.

ಅಷ್ಟರಲ್ಲಿ ಲೆಕ್ಕದ ಪುಸ್ತಕ ಬೇರೆ ಕಥೆ ಹೇಳುತ್ತಿತ್ತು. ಮೇಲಿನ ವಿಭಾಗದಲ್ಲಿರಲು ಪಂದ್ಯಕ್ಕೆ ಇಂತಿಷ್ಟು ಜನ ಬರಲೇಬೇಕೆಂಬ ನಿಯಮ ಇತ್ತು. 16,000 ಸೀಟಿನ ಡೋಮ್‌ನಲ್ಲಿ ಅದು ಹೇಗೂ ಆಗದು. ಹಾಗಾಗಿ 1999ರಿಂದ ಕೆಲವು ಸೀಸನ್ ಐಡಹೊ ತನ್ನ ತವರು ಪಂದ್ಯಗಳನ್ನು ಪುಲ್‌ಮನ್‌ನಲ್ಲಿ, ವಾಷಿಂಗ್ಟನ್ ಸ್ಟೇಟ್‌ನ ಮೈದಾನದಲ್ಲಿ ಆಡಿತು. 1999 ಮತ್ತು 2000ರಲ್ಲಿ ಆ ಮನೆಯ ಯಜಮಾನನನ್ನೇ ಸೋಲಿಸಿತು ಎನ್ನುವುದು ಹೆಮ್ಮೆಯ ವಿಷಯವೇ. ಆದರೂ ಪಕ್ಕದ ಮನೆಯ ಹಾಲ್‌ನಲ್ಲಿ ನಮ್ಮ ಮದುವೆ ಎಷ್ಟು ದಿನ ಮಾಡಲಾಗುತ್ತದೆ?

2000ದ ಸೀಸನ್ ಮುಗಿದ ಮೇಲೆ ಬಿಗ್ ವೆಸ್ಟ್ ಫುಟ್‌ಬಾಲ್ ಅನ್ನೇ ಕೈಬಿಟ್ಟಿತು. ಇಲ್ಲಿ ಅಣ್ಣ ತಮ್ಮಂದಿರ ದಾರಿ ಬೇರೆಯಾಯಿತು. ಬಾಯ್ಸಿಗೆ ಡಬ್ಲ್ಯೂಎಸಿ ಎಂಬ ಪಶ್ಚಿಮದ ಕಾನ್ಫರೆನ್ಸ್‌ನಲ್ಲಿ ಜಾಗ ಸಿಕ್ಕಿತು. ಬೆಳೆಯುತ್ತಿರುವ ನಗರ, 1986ರಿಂದಲೇ ಹೆಸರಾಗಿದ್ದ, ಮೈದಾನದ ನೀಲಿ ಕೃತಕ ಹುಲ್ಲುಹಾಸು, ದುಡ್ಡು ಕೊಡುವ ಸ್ಥಳೀಯ ವ್ಯಾಪಾರಿಗಳು, ಎಲ್ಲ ಕೂಡಿ ಬಂತು. 2007ರ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ ಒಕ್ಲಹೋಮವನ್ನು 43-42ರಿಂದ ಸೋಲಿಸಿದಾಗ ಇಡೀ ದೇಶ ಬೆರಗಾಯಿತು.

ಐಡಹೊಗೆ ಸಿಕ್ಕಿದ್ದು ಸನ್ ಬೆಲ್ಟ್, ಅದೂ ಫುಟ್‌ಬಾಲ್‌ಗೆ ಮಾತ್ರ. ದಕ್ಷಿಣ ರಾಜ್ಯಗಳ ಕಾನ್ಫರೆನ್ಸ್ ಅದು. ಲೂಸಿಯಾನಾದ ಲಾಫಾಯೆಟ್‌ಗೂ ಮಾಸ್ಕೋಗೂ ಏನು ಸಂಬಂಧ? ಅಲ್ಲಿಂದ ಕಾರು ಹತ್ತಿ ಬರುವ ಎದುರಾಳಿ ಅಭಿಮಾನಿ ಒಬ್ಬನೂ ಇಲ್ಲ. 2000ದಿಂದ 2008ರವರೆಗೆ ಒಂದೇ ಒಂದು ಸೀಸನ್‌ನಲ್ಲೂ ಸೋಲಿಗಿಂತ ಗೆಲುವು ಜಾಸ್ತಿ ಆಗಲಿಲ್ಲ. 2005ರಲ್ಲಿ ಡಬ್ಲ್ಯೂಎಸಿಗೆ ಕರೆ ಬಂದಾಗ ಬಾಯ್ಸಿ ಕೈಗೆ ಸಿಗದಷ್ಟು ಎತ್ತರದಲ್ಲಿತ್ತು. 1999ರಿಂದ 2010ರವರೆಗೆ ಬಾಯ್ಸಿ ಸತತ 12 ಸಲ ಐಡಹೊವನ್ನು ಸೋಲಿಸಿತು. ಎಂಬತ್ತರ ದಶಕದ ಲೆಕ್ಕ ಸರಿಯಾಗಿ ಚುಕ್ತಾ. 2011ರಲ್ಲಿ ಬಾಯ್ಸಿ ಮೌಂಟನ್ ವೆಸ್ಟ್ ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೊರಟಿತು. ಇಬ್ಬರ ಪಂದ್ಯವೂ ಅಲ್ಲಿಗೆ ನಿಂತುಹೋಯಿತು.

ನಡುವೆ ಬೆಳಕಿನ ದಿನವೊಂದು ಬಂತು. 2009ರ ಡಿಸೆಂಬರ್ 30, ಮತ್ತೆ ಹ್ಯುಮ್ಯಾನಿಟೇರಿಯನ್ ಬೌಲ್, ಎದುರಾಳಿ ಬೌಲಿಂಗ್ ಗ್ರೀನ್. ನಾಲ್ಕು ಸೆಕೆಂಡ್ ಉಳಿದಿರುವಾಗ ಟಚ್‌ಡೌನ್, ಮತ್ತೆ ಒಂದು ಅಂಕದ ಹಿನ್ನಡೆ, ಮತ್ತೆ ಎರಡು ಅಂಕಕ್ಕೇ ಕೈ ಹಾಕಿದ್ದು. 43-42. ಬಾಯ್ಸಿಯನ್ನು ದೇಶಕ್ಕೆ ಪರಿಚಯಿಸಿದ ಸ್ಕೋರೂ ಅದೇ. ಆದರೆ ಐಡಹೊದ ಈ ಪಂದ್ಯ ಅಭಿಮಾನಿಗಳ ಮನಸ್ಸಿನಾಚೆ ಹೆಚ್ಚು ದೂರ ಹೋಗಲಿಲ್ಲ.

2012ರ ಸೀಸನ್ ಮುಗಿಯುತ್ತಲೇ ಡಬ್ಲ್ಯೂಎಸಿ ಕೂಡ ಫುಟ್‌ಬಾಲ್ ಬಿಟ್ಟಿತು. ಐಡಹೊ ನಿಂತ ನೆಲ ಎರಡನೇ ಸಲ ಕುಸಿಯಿತು. 2013ರಲ್ಲಿ ಯಾವ ಗುಂಪೂ ಇಲ್ಲದೆ ಒಂಟಿಯಾಗಿ ಆಡಿತು. ಆ ನವೆಂಬರ್‌ನಲ್ಲಿ ಫ್ಲೋರಿಡಾ ಸ್ಟೇಟ್ ವಿರುದ್ಧ 80-14ರ ಸೋಲು. ಸಣ್ಣ ತಂಡಗಳು ಇಂಥ ಪಂದ್ಯಕ್ಕೆ ಹೋಗುವುದು ದುಡ್ಡಿಗಾಗಿ. ದೊಡ್ಡವರು ತಮ್ಮ ಊರಿಗೆ ಕರೆಸಿ, ಹಣ ಕೊಟ್ಟು, ಸೋಲಿಸಿ ಕಳಿಸುತ್ತಾರೆ. ಸಣ್ಣ ಕಾಲೇಜಿನ ಕ್ರೀಡಾ ವಿಭಾಗ ನಡೆಯುವುದರಲ್ಲಿ ಆ ಹಣಕ್ಕೆ ದೊಡ್ಡ ಪಾಲಿದೆ.

2014ರ ಆಗಸ್ಟ್‌ನಲ್ಲಿ ನಡೆದದ್ದು ಇನ್ನೂ ಮನಸ್ಸಿಗೆ ನಾಟುತ್ತದೆ. ಐಡಹೊ ಹುಡುಗರು ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಫ್ಲೋರಿಡಾಕ್ಕೆ ಹೋದರು. ಸಿಡಿಲು ಮಳೆ. ಗಂಟೆಗಟ್ಟಲೆ ಕಾದ ಮೇಲೆ ಕಿಕ್‌ಆಫ್ ಆಯಿತು. ಚೆಂಡು ಹಿಡಿದವನು ಓಡಿದ, ಬಿದ್ದ. ಮತ್ತೆ ಸಿಡಿಲು, ಆಟ ಬಂದ್. ಪಂದ್ಯ ಮತ್ತೆ ನಡೆಯಲೇ ಇಲ್ಲ. ಒಪ್ಪಂದದ ಹಣ, ಹತ್ತಿರ ಹತ್ತಿರ 10 ಲಕ್ಷ ಡಾಲರ್, ಮಾತ್ರ ಕೈಗೆ ಬಂತು. ಇಡೀ ಬೇಸಿಗೆ ಅದಕ್ಕೆಂದೇ ಬೆವರು ಸುರಿಸಿದ ಹುಡುಗರಿಗೆ ಆಡಲು ಸಿಕ್ಕಿದ್ದು ಒಂದೇ ಒಂದು ಒದೆತ.

ಅದೇ ವರ್ಷ ಐಡಹೊ ಮತ್ತೆ ಸನ್ ಬೆಲ್ಟ್ ಸೇರಿತ್ತು, ಫುಟ್‌ಬಾಲ್‌ಗೆ ಮಾತ್ರ. ಬ್ಯಾಸ್ಕೆಟ್‌ಬಾಲ್ ಮುಂತಾದವು ಹಳೆಯ ಬಿಗ್ ಸ್ಕೈಗೆ ವಾಪಸಾಗಿದ್ದವು. ಒಂದೇ ಕಾಲೇಜಿನ ಮಕ್ಕಳು, ಒಬ್ಬರು ಮಾಂಟಾನಾಕ್ಕೆ ಬಸ್ ಹತ್ತಬೇಕು, ಇನ್ನೊಬ್ಬರು ಅಲಬಾಮಾಕ್ಕೆ ವಿಮಾನ.

2016ರ ಮಾರ್ಚ್‌ನಲ್ಲಿ ಸನ್ ಬೆಲ್ಟ್ ತೀರ್ಮಾನ ಹೇಳಿತು. 2017ರ ನಂತರ ಐಡಹೊ ಮತ್ತು ನ್ಯೂ ಮೆಕ್ಸಿಕೊ ಸ್ಟೇಟ್ ಜೊತೆಗಿನ ನಂಟು ಮುಂದುವರಿಯುವುದಿಲ್ಲ. ನ್ಯೂ ಮೆಕ್ಸಿಕೊ ಸ್ಟೇಟ್ ಒಂಟಿಯಾಗಿಯಾದರೂ ಮೇಲೇ ಇರುತ್ತೇನೆ ಎಂದಿತು. ಐಡಹೊ ಏಪ್ರಿಲ್ ಕೊನೆಯಲ್ಲಿ 2018ಕ್ಕೆ ಬಿಗ್ ಸ್ಕೈಗೆ ಮರಳುವುದಾಗಿ ಘೋಷಿಸಿತು. ಹಳೆಯ ವಿದ್ಯಾರ್ಥಿಗಳಲ್ಲಿ ಸಿಟ್ಟಾದವರು ಬಹಳ. ಮರ್ಯಾದೆ ಹೋಯಿತು ಎಂದರು. ಅವರ ನೋವು ಸುಳ್ಳಲ್ಲ. 1959ರಲ್ಲಿ ಹೊರಗುಳಿದ ನೆನಪು ಇರುವವರಿಗೆ ಇದು ಎರಡನೇ ಸಲ ಹೊರದಬ್ಬಿದ ಹಾಗೆ ಕಂಡಿರಬೇಕು. ಆದರೆ ಬಾಗಿಲು ಮುಚ್ಚಿದವರನ್ನೋ, ಇಳಿಯೋಣ ಎಂದವರನ್ನೋ ದೂರುವುದರಲ್ಲಿ ಅರ್ಥ ಕಾಣುವುದಿಲ್ಲ. 25,000 ಜನರ ಊರು, 16,000 ಸೀಟಿನ ಡೋಮ್, ಸುತ್ತ ನೂರಾರು ಮೈಲಿ ಹೊಲ. ಇದು 1996ರಲ್ಲೂ ಹೀಗೇ ಇತ್ತು.

ಇಳಿಯುವುದು ಖಚಿತವಾದ ಆ 2016ರಲ್ಲೇ ಹುಡುಗರು ಒಂಬತ್ತು ಪಂದ್ಯ ಗೆದ್ದರು. ಪೊಟೇಟೊ ಬೌಲ್‌ನಲ್ಲಿ ಕೊಲರಾಡೊ ಸ್ಟೇಟ್‌ಗೆ 61-50ರ ಪೆಟ್ಟು ಕೊಟ್ಟರು. ಹಿಂದೆ ಹ್ಯುಮ್ಯಾನಿಟೇರಿಯನ್ ಬೌಲ್ ಎಂದು ಕರೆಯುತ್ತಿದ್ದದ್ದೇ ಹೆಸರು ಬದಲಾಗಿ ಪೊಟೇಟೊ ಬೌಲ್ ಆಗಿತ್ತು. ಮೇಲಿದ್ದ 22 ವರ್ಷದಲ್ಲಿ ಐಡಹೊ ಆಡಿದ್ದು ಮೂರು ಬೌಲ್, ಮೂರನ್ನೂ ಗೆದ್ದಿತು. ಮೂರೂ ನಡೆದದ್ದು ಬಾಯ್ಸಿಯ ಆ ನೀಲಿ ಹುಲ್ಲಿನ ಮೇಲೆ, ಹಳೆಯ ಎದುರಾಳಿಯ ಮನೆಯಲ್ಲಿ.

ಇಳಿದ ಮೇಲಿನ ಮೊದಲ ವರ್ಷಗಳು ಚೆನ್ನಾಗಿರಲಿಲ್ಲ. ಸ್ಕಾಲರ್‌ಶಿಪ್ ಕಡಿಮೆಯಾಯಿತು, 2018ರಲ್ಲಿ ನಾಲ್ಕೇ ಗೆಲುವು. 2022ರಲ್ಲಿ ದಿಕ್ಕು ಬದಲಾಯಿತು. ಆ ವರ್ಷ ಮಾಂಟಾನಾದ ಊರಿಗೇ ಹೋಗಿ ಗೆದ್ದು ‘ಲಿಟಲ್ ಬ್ರೌನ್ ಸ್ಟೈನ್’ ಹೊತ್ತು ತಂದರು. ಅದು ಇಬ್ಬರ ನಡುವೆ ಹಿಂದಿನಿಂದ ಕೈ ಬದಲಾಯಿಸುತ್ತಾ ಬಂದ ಬಿಯರ್ ಲೋಟದ ಟ್ರೋಫಿ. ಸನ್ ಬೆಲ್ಟ್‌ನಲ್ಲಿ ಅಂಥದ್ದೊಂದು ಇರಲಿಲ್ಲ. 2022, 2023, 2024, ಮೂರು ವರ್ಷವೂ ಪ್ಲೇಆಫ್. ಕೊನೆಯ ಎರಡರಲ್ಲಿ ಕ್ವಾರ್ಟರ್‌ಫೈನಲ್.

ಬಾಯ್ಸಿ 2024ರಲ್ಲಿ ಮೇಲಿನ ವಿಭಾಗದ ರಾಷ್ಟ್ರೀಯ ಪ್ಲೇಆಫ್ ಆಡಿತು. ಅದನ್ನು ತೋರಿಸಿ ‘ನೋಡಿ, ಹೋಗಬೇಕಿತ್ತು’ ಎನ್ನುವವರು ಇದ್ದಾರೆ. ಐಡಹೊವನ್ನು ತೋರಿಸಿ ‘ಹೋಗಬಾರದು’ ಎನ್ನುವವರೂ ಇದ್ದಾರೆ. ನನಗೆ ಕಾಣುವುದು ಮಾತ್ರ 2023ರ ಡಿಸೆಂಬರ್ 2ರ ರಾತ್ರಿ. ಎದುರಿಗೆ ಸದರ್ನ್ ಇಲಿನಾಯ್, ಪ್ಲೇಆಫ್ ಪಂದ್ಯ. ಹೆಚ್ಚುವರಿ ಅವಧಿಗೆ ಹೋಗಿ ಐಡಹೊ 20-17ರಿಂದ ಗೆದ್ದಿತು. ಆಡಿದ್ದು ಮಾಸ್ಕೋದಲ್ಲಿ, ಆ ಮರದ ಕಮಾನಿನ ಕೆಳಗೆ, ತಮ್ಮದೇ ಜನರ ಮುಂದೆ.